ಕಂಬಳಿಕೊಪ್ಪೆಯ ಒಳಗೆ



ಬೆಳಗಾವಿಯಿಂದ ಹರಿಹರಕ್ಕೆ ಹೋಗುವ ಹಳೆಯ ಹೆದ್ದಾರಿ ತಮಗೆ ಗೊತ್ತಿರುವುದೇ. ಇಂಗ್ಲಿಷರ ಕಾಲದಲ್ಲಿ ಧಾರವಾಡ ಜಿಲ್ಲೆಯನ್ನು ವರ್ಣಿಸಲು ಹೊರಟವರು ಈ ದಾರಿಯನ್ನೇ ಗೆರೆಯಾಗಿ ಹಿಡಿದು ಜಿಲ್ಲೆಯನ್ನು ಎರಡು ಪಾಲು ಮಾಡಿದರು. ಗೆರೆಯ ಪಡುವಲಿಗೆ ಗುಡ್ಡ, ಕೆರೆ, ಭತ್ತದ ಗದ್ದೆ. ಮೂಡಲಿಗೆ ಎರೆಯ ಬಯಲು, ಜೋಳ, ಹತ್ತಿ. ಶಿಗ್ಗಾವಿ ಈ ದಾರಿಯ ಮಗ್ಗುಲಲ್ಲಿಯೇ ಇದೆ. ಹಾನಗಲ್ಲು ಪಡುವಲಿಗೆ, ಸವಣೂರು ಮೂಡಲಿಗೆ. ಹಿರೇಕೆರೂರು ತೆಂಕಣ ತುದಿಯಲ್ಲಿ, ಶಿಕಾರಿಪುರದ ಸೀಮೆಗೆ ಅಂಟಿಕೊಂಡು. ಈ ನಾಲ್ಕೂ ೧೯೯೭ರಿಂದ ಹಾವೇರಿ ಜಿಲ್ಲೆಯ ತಾಲೂಕುಗಳು. ಅದಕ್ಕೆ ಮೊದಲು ಧಾರವಾಡ ಜಿಲ್ಲೆಯವು. ಇನ್ನೂ ಹಿಂದಕ್ಕೆ ಹೋದರೆ ಸವಣೂರು ನವಾಬರ ಪುಟ್ಟ ಸಂಸ್ಥಾನ, ೧೯೪೮ರಲ್ಲಿ ವಿಲೀನವಾದದ್ದು. ಶಿಗ್ಗಾವಿಯಲ್ಲಿ ಕಚೇರಿಯಿದ್ದ ತಾಲೂಕಿಗೆ ಬಂಕಾಪುರದ ಹೆಸರು, ಹಿರೇಕೆರೂರಿನಲ್ಲಿ ಕಚೇರಿಯಿದ್ದುದಕ್ಕೆ ಕೋಡದ ಹೆಸರು. ಕಾಗದದ ಮೇಲಿನ ಗೆರೆಗಳು ಹೀಗೆ ಎಷ್ಟೋ ಸಲ ಅಳಿಸಿ ಬರೆಯಲ್ಪಟ್ಟಿವೆ. ಮಳೆಯ ಗೆರೆ ಮಾತ್ರ ಇದ್ದಲ್ಲಿಯೇ ಇದೆ. ಮೃಗಶಿರಾ, ಆರಿದ್ರಾ ಮಳೆಗಳು ಹಾನಗಲ್ಲಿನ ಕೆರೆಗಳನ್ನು ತುಂಬಿಸುತ್ತಿರುವಾಗ ಸವಣೂರಿನ ಒಕ್ಕಲಿಗ ಎಷ್ಟೋ ವರ್ಷ ಆಕಾಶ ನೋಡುತ್ತಲೇ ಕುಳಿತಿರುತ್ತಾನೆ.

ಈ ಗೆರೆಯ ಎರಡೂ ಕಡೆಯ ಜನ ಮಳೆಯಲ್ಲಿ ತಮ್ಮ ಮೈಯನ್ನು ಹೇಗೆ ಬೆಚ್ಚಗಿಟ್ಟುಕೊಂಡರು ಎಂಬುದು ನನ್ನ ಇಂದಿನ ವಿಷಯ. ನಮ್ಮ ಇತಿಹಾಸಕಾರರು ಅರಸರ ಕಿರೀಟ, ಕಡಗ, ಪೀತಾಂಬರಗಳ ಬಗ್ಗೆ ಸಾಕಷ್ಟು ಬರೆದಿದ್ದಾರೆ. ಪುಷ್ಯ ಮಳೆಯ ಜಿಟಿಜಿಟಿಯಲ್ಲಿ ಎಂಟು ತಾಸು ಹೊಲದಲ್ಲಿ ನಿಂತವನು ಏನು ಹೊದ್ದಿದ್ದ, ಅದರ ಕೆಳಗೆ ಏನು ಉಟ್ಟಿದ್ದ ಎಂಬುದನ್ನು ಯಾರೂ ಶಾಸನದಲ್ಲಿ ಕೆತ್ತಿಸಲಿಲ್ಲ. ನನಗೂ ಆ ಪ್ರಶ್ನೆ ತಾನಾಗಿ ಹೊಳೆದದ್ದಲ್ಲ. ಅದನ್ನು ಒಬ್ಬ ಮುದುಕ ನನ್ನ ತಲೆಗೆ ಹಾಕಿದ.

೧೯೭೪ರ ಆಷಾಢ. ನನಗೆ ಆಗ ಇಪ್ಪತ್ತು ದಾಟಿತ್ತು. ಹುಬ್ಬಳ್ಳಿಯಲ್ಲಿ ಹೊಸದಾಗಿ ಒಂದು ರೇನ್‌ಕೋಟು ಕೊಂಡಿದ್ದೆ: ಒಳಗೆ ತೆಳುವಾದ ಅರಿವೆ, ಹೊರಗೆ ರಬ್ಬರಿನ ಲೇಪ, ಕೊರಳಿನ ತನಕ ಗುಂಡಿ. ಅದನ್ನು ತೊಟ್ಟು ಹಾನಗಲ್ಲಿನಲ್ಲಿ ಬಸ್ಸಿಳಿದು ಒಂದೂವರೆ ಹರಿದಾರಿ ದೂರದ ಸೋದರತ್ತೆಯ ಊರಿಗೆ ನಡೆದು ಹೊರಟೆ. ಮಳೆ ಜೋರಿಲ್ಲ, ಆದರೆ ಬಿಡುವಿಲ್ಲ. ಕೋಟಿನ ಮೇಲೆ ಬಿದ್ದ ಹನಿ ಎಲೆಯ ಮೇಲಿನ ಹನಿಯಂತೆ ಜಾರುವುದನ್ನು ನೋಡಿ ನನಗೆ ಹಿಗ್ಗು. ಅರ್ಧ ದಾರಿಗೆ ಬರುವಷ್ಟರಲ್ಲಿ ಬೆನ್ನು ಒದ್ದೆ, ಕಂಕುಳು ಒದ್ದೆ, ತೋಳಿನ ಒಳಮೈಯೆಲ್ಲ ಒದ್ದೆ. ಕೋಟು ಸೋರುತ್ತಿದೆಯೆಂದು ಅಂಗಡಿಯವನನ್ನು ಮನಸ್ಸಿನಲ್ಲಿಯೇ ಬೈದುಕೊಂಡೆ. ಕೆರೆಯ ಏರಿಯ ಮೇಲೆ ಗಾಳಿಗೆ ನಿಂತಾಗ ಹಲ್ಲು ಕಟಕಟನೆ ಕಡಿಯತೊಡಗಿದವು. ಅಲ್ಲಿ ಆಲದ ಮರದ ಬುಡದಲ್ಲಿ ಒಬ್ಬ ಅಜ್ಜ ನಾಲ್ಕಾರು ಎಮ್ಮೆ ಬಿಟ್ಟುಕೊಂಡು ಕಂಬಳಿಯ ಕೊಪ್ಪೆಯೊಳಗೆ ಕುಕ್ಕುರುಗಾಲಿನಲ್ಲಿ ಕುಳಿತಿದ್ದ. ನನ್ನ ಅವಸ್ಥೆ ನೋಡಿ ಕೋಟಿನ ಗುಂಡಿ ಬಿಚ್ಚೆಂದ. ಬಿಚ್ಚಿದೆ, ಒಳಗಿನಿಂದ ಹಬೆಯೇ ಎದ್ದಿತು. ಮುದುಕ ನಕ್ಕ. “ತಮ್ಮಾ, ಹೊರಗಿನ ಮಳಿಗೆ ಅಂಗಿ ತಂದೀ. ಒಳಗಿನ ಮಳಿಗೆ ಏನ್ ತಂದೀಯೋ?” ಎಂದ. ಕೈ ಹಿಡಿದು ಎಳೆದು ತನ್ನ ಕೊಪ್ಪೆಯ ಒಂದು ಮಗ್ಗುಲಿನಲ್ಲಿ ನನ್ನನ್ನು ಕೂಡಿಸಿಕೊಂಡ. ಕಂಬಳಿಯ ಹೊರಮೈ ನೀರು ಕುಡಿದು ಭಾರವಾಗಿತ್ತು. ಒಳಗೆ, ಅವನ ಬೆನ್ನಿಗೂ ಉಣ್ಣೆಗೂ ನಡುವೆ, ಈಗಷ್ಟೇ ಎದ್ದುಹೋದ ಹಾಸಿಗೆಯಲ್ಲಿರುವಂಥ ಬೆಚ್ಚನೆಯ ಗಾಳಿ. ಅಂಗಡಿಯವನ ಮೇಲೆ ನಾನು ಹೊರಿಸಿದ ಅಪವಾದವನ್ನು ಅಲ್ಲಿಯೇ ಹಿಂತೆಗೆದುಕೊಂಡೆ. ಕೋಟಿನದೇನೂ ತಪ್ಪಿರಲಿಲ್ಲ. ಹೊರಗಿನ ನೀರನ್ನು ಅದು ಒಳಗೆ ಬಿಟ್ಟಿರಲಿಲ್ಲ. ಒಳಗಿನ ನೀರನ್ನೂ ಹೊರಗೆ ಬಿಟ್ಟಿರಲಿಲ್ಲ.

ಕೊಪ್ಪೆ ಎಂಬುದು ಹೊಲಿದ ಉಡುಪಲ್ಲ, ಒಂದು ಮಡಿಕೆ. ಆರು ಮೊಳದ ಆಸುಪಾಸಿನ ಉದ್ದದ ಕಂಬಳಿಯ ಒಂದು ಮೂಲೆಯನ್ನು ಒಳಕ್ಕೆ ಮಡಚಿದರೆ ಚೂಪಾದ ಗೂಡೊಂದು ಆಗುತ್ತದೆ. ಅದನ್ನು ತಲೆಗೆ ಸಿಕ್ಕಿಸಿ ಉಳಿದದ್ದನ್ನು ಬೆನ್ನ ಮೇಲೆ ಇಳಿಬಿಡುವುದು. ಸೂಜಿ, ದಾರ, ಗುಂಡಿ ಯಾವುದೂ ಬೇಡ. ಮಳೆ ನಿಂತರೆ ಬಿಚ್ಚಿ ಹೆಗಲಿಗೆ ಹಾಕಬಹುದು, ನೆಲಕ್ಕೆ ಹಾಸಬಹುದು, ರಾತ್ರಿ ಹೊದೆಯಬಹುದು. ಇಲ್ಲಿ ಗಮನಿಸಬೇಕಾದ ಸಂಗತಿಯೆಂದರೆ, ಮೂಲೆಯನ್ನು ಮಡಚಿದಾಗ ತಲೆ ಮತ್ತು ಹೆಗಲಿನ ಮೇಲೆ ಕಂಬಳಿ ಎರಡು ಪದರವಾಗುತ್ತದೆ. ಮಳೆ ನೇರವಾಗಿ ಬೀಳುವುದು ಅಲ್ಲಿಯೇ. ಮುಂಭಾಗ ತೆರೆದಿರುತ್ತದೆ, ಬೆವರಿನ ಆವಿ ಆ ದಾರಿಯಿಂದ ಹೊರಟುಹೋಗುತ್ತದೆ. ಯಾವ ದರ್ಜಿಯೂ ಇದನ್ನು ಅಳೆದು ಕತ್ತರಿಸಲಿಲ್ಲ. ಆದರೂ ಪದರ ಎಲ್ಲಿ ಬೇಕೋ ಅಲ್ಲಿದೆ, ಕಿಂಡಿ ಎಲ್ಲಿ ಬೇಕೋ ಅಲ್ಲಿದೆ.

ಇನ್ನು ಕಂಬಳಿಯ ಮಾತು. ನಮ್ಮ ಸೀಮೆಯ ಕಂಬಳಿ ದಖ್ಖನಿ ಕುರಿಯ ಉಣ್ಣೆಯದು. ಕುರಿ ಬಹುತೇಕ ಕಪ್ಪು. ಆದ್ದರಿಂದ ಕಂಬಳಿಯೂ ಬಣ್ಣ ಹಾಕದೆಯೇ ಕಪ್ಪು. ಮೆರಿನೋ ಕುರಿಯ ಎಳೆ ೨೦ ಮೈಕ್ರಾನಿನ ಆಸುಪಾಸು ಇದ್ದರೆ ದಖ್ಖನಿಯದು ಅದರ ಎರಡು ಪಟ್ಟು ದಪ್ಪ. ಮೈಗೆ ಚುಚ್ಚುತ್ತದೆ, ನಯನಾಜೂಕಿನವರಿಗೆ ಆಗದು. ಉಣ್ಣೆಯನ್ನು ಬಿಲ್ಲಿನಿಂದ ಹಿಂಜಿ ಕುರುಬರ ಹೆಂಗಸರು ರಾಟಿಯ ಮೇಲೆ ನೂಲುತ್ತಿದ್ದರು, ಗಂಡಸರು ಕುಣಿಮಗ್ಗದಲ್ಲಿ ನೇಯುತ್ತಿದ್ದರು. ಹಾಸಿನ ನೂಲಿಗೆ ಹುಣಸೆಬೀಜವನ್ನು ನೆನೆಸಿ, ಅರೆದು, ಕುದಿಸಿದ ಸರಿಯನ್ನು ಕುಂಚದಿಂದ ಬಳಿಯುತ್ತಿದ್ದರು. ಸವಣೂರಿನ ಮಠದಲ್ಲಿರುವ ಆ ಮೂರು ಮಹಾವೃಕ್ಷಗಳಿಗೂ ಜನ ದೊಡ್ಡಹುಣಸೆ ಎನ್ನುತ್ತಾರೆ. ಅವು ಆಫ್ರಿಕಾ ಮೂಲದ ಬೇರೆಯೇ ಜಾತಿಯ ಮರಗಳು, ಕಂಬಳಿಗೆ ಅವುಗಳ ಸಂಬಂಧವಿಲ್ಲ. ಇದು ನಮ್ಮ ಸಾರಿನ ಹುಣಸೆಯ ಬೀಜವೇ. ಈ ಸರಿ ಕುಡಿದ ಹೊಸ ಕಂಬಳಿ ತಗಡಿನಂತೆ ಸೆಟೆದು ನಿಲ್ಲುತ್ತದೆ. ಎಳೆಗಳ ನಡುವಿನ ಸಂದು ಮುಚ್ಚಿರುವುದರಿಂದ ಮೊದಲ ಮಳೆಗಳ ಹನಿ ಅದರ ಮೇಲಿಂದ ಜಾರುತ್ತದೆ. ಕ್ರಮೇಣ ಸರಿ ತೊಳೆದುಹೋಗುತ್ತದೆ. ಆಗ ಕಂಬಳಿ ಕೆಲಸಕ್ಕೆ ಬಾರದಂತಾಗಬೇಕಲ್ಲವೇ? ಆಗುವುದಿಲ್ಲ. ಉಣ್ಣೆಯ ಎಳೆಗೆ ಮೀನಿನ ಮೈಯಂತೆ ಹುರುಪೆಗಳಿವೆ. ನೀರು, ಒತ್ತಡ, ತಿಕ್ಕಾಟ ಸೇರಿದರೆ ಎಳೆಗಳು ಒಂದನ್ನೊಂದು ಕಚ್ಚಿ ಹಿಡಿಯುತ್ತವೆ, ಅರಿವೆ ದಟ್ಟವಾಗುತ್ತದೆ. ಮಳೆಯಲ್ಲಿ ತೊಯ್ದು, ಹೆಗಲ ಮೇಲೆ ತಿಕ್ಕಿ, ನೆಲದ ಮೇಲೆ ಹಾಸಿ ಎರಡು ಮಳೆಗಾಲ ಕಳೆದ ಕಂಬಳಿಯನ್ನು ಹಳಬರು ಹೊಸದಕ್ಕಿಂತ ಹೆಚ್ಚು ಬೆಲೆಯುಳ್ಳದ್ದೆಂದು ಎಣಿಸುತ್ತಿದ್ದುದು ಸುಮ್ಮನೆ ಅಲ್ಲ. ನೇಕಾರನು ಹುಣಸೆಬೀಜದಿಂದ ಮಾಡಿದ ಕೆಲಸವನ್ನು ಮುಂದೆ ಮಳೆಯೇ ವಹಿಸಿಕೊಳ್ಳುತ್ತಿತ್ತು.

ಉಣ್ಣೆಗೆ ಇನ್ನೊಂದು ಗುಣವಿದೆ. ತನ್ನ ತೂಕದ ಮೂರನೆಯ ಒಂದು ಪಾಲಿನ ಹತ್ತಿರ ತೇವವನ್ನು ಎಳೆಯೊಳಗೆ ಹೀರಿಕೊಂಡರೂ ಮುಟ್ಟಿದವರಿಗೆ ಒದ್ದೆಯೆನಿಸುವುದಿಲ್ಲ. ಹೀರುವಾಗ ಅಷ್ಟಿಷ್ಟು ಶಾಖವನ್ನೂ ಬಿಡುತ್ತದೆ. ಎಳೆಯ ಹೊರಮೈ ಹನಿಯನ್ನು ದೂಡುತ್ತದೆ, ಒಳಮೈ ಆವಿಯನ್ನು ಬರಮಾಡಿಕೊಳ್ಳುತ್ತದೆ. ಹತ್ತಿಯ ಅರಿವೆ ಹಾಗಲ್ಲ. ಅದೂ ನೀರು ಕುಡಿಯುತ್ತದೆ. ಕುಡಿದ ಮೇಲೆ ಮೈಗೆ ಮೆತ್ತಿಕೊಳ್ಳುತ್ತದೆ, ಒಳಗೆ ಗಾಳಿಗೆ ಜಾಗವೇ ಉಳಿಯುವುದಿಲ್ಲ. ನಮ್ಮನ್ನು ಬೆಚ್ಚಗಿಡುವುದು ಅರಿವೆ ಎಂದು ನಾವು ತಿಳಿಯುತ್ತೇವೆ. ವಾಸ್ತವವಾಗಿ ಬೆಚ್ಚಗಿಡುವುದು ಅರಿವೆಯ ಸುಕ್ಕುಗಳಲ್ಲಿ, ಪದರಗಳ ನಡುವೆ ಅಲುಗಾಡದೆ ನಿಂತ ಒಣ ಗಾಳಿ. ಹೊರಗಿನ ಹೊದಿಕೆಯ ಕೆಲಸ ಆ ಗಾಳಿಯನ್ನು ಕಾಯುವುದಷ್ಟೆ. ಕಾಯಬೇಕಾದ ಗಾಳಿಯೇ ಇಲ್ಲದ ಮೇಲೆ ಕಾವಲುಗಾರನಿಂದೇನು ಫಲ? ನನ್ನ ರೇನ್‌ಕೋಟಿನ ಕೆಳಗೆ ಬೆವರಿಗೆ ಅಂಟಿಕೊಂಡ ಒಂದೇ ಒಂದು ಪಾಪ್ಲಿನ್ ಷರ್ಟು ಇತ್ತು.

ಮುದುಕನ ಕೊಪ್ಪೆಯ ಕೆಳಗೆ ಏನಿತ್ತು? ತಲೆಗೆ ಸುತ್ತಿದ ರುಮಾಲು: ಹತ್ತಿಯದೇ, ಆದರೆ ಹತ್ತಾರು ಸುತ್ತಿನದು, ಪ್ರತಿ ಸುತ್ತಿನ ನಡುವೆಯೂ ಗಾಳಿ. ಮೈಗೆ ಸಡಿಲವಾದ ದಪ್ಪ ಅಂಗಿ, ಅದರ ಮೇಲೆ ತೋಳಿಲ್ಲದ ಇನ್ನೊಂದು ಹಳೆಯ ಅಂಗಿ. ಮೊಣಕಾಲಿನಿಂದ ಕೆಳಗೆ ಏನೂ ಇಲ್ಲ. ಧೋತರವನ್ನು ಎತ್ತಿ ಕಚ್ಚೆ ಹಾಕಿದ್ದ. ಒದ್ದೆ ಧೋತರ ಕಾಲಿಗೆ ಸುತ್ತಿಕೊಂಡು ಚಳಿ ಹಿಡಿಸುವುದಕ್ಕಿಂತ ಬರಿಗಾಲು ಬೇಗ ಒಣಗುತ್ತದೆಂಬ ಲೆಕ್ಕ. ರಾತ್ರಿ ಬೆಳೆ ಕಾಯಲು ಹೊಲದ ಗುಡಿಸಲಿಗೆ ಹೋಗುವವರದು ಇದೇ ಲೆಕ್ಕದ ಇನ್ನೊಂದು ರೂಪ. ಒಳಗೆ ಕೌದಿ, ಹೊರಗೆ ಕಂಬಳಿ. ಹಳೆಯ ಸೀರೆ, ಧೋತರ, ಕುಪ್ಪಸದ ತುಂಡುಗಳನ್ನು ಪದರಪದರವಾಗಿ ಹಾಸಿ ಹೊಲಿದ ಕೌದಿ ಮೆತ್ತಗೆ, ಮೈಗೆ ಹಿತ. ಆದರೆ ತೊಯ್ದರೆ ಮುಗಿಯಿತು, ಮೂರು ದಿನ ಆರುವುದಿಲ್ಲ. ಕಂಬಳಿ ಒರಟು, ಆದರೆ ತೊಯ್ದರೂ ಅಂಜುವುದಿಲ್ಲ. ಆದ್ದರಿಂದ ಮೆತ್ತನೆಯದು ಒಳಗೆ, ಒರಟು ಹೊರಗೆ. ಈ ಕ್ರಮವನ್ನು ತಿರುವುಮುರುವು ಮಾಡಿದವನನ್ನು ನಾನು ನೋಡಿಲ್ಲ.

ಹೆಂಗಸರದು ಬೇರೆಯೇ ಏರ್ಪಾಡು. ಹಾನಗಲ್ಲಿನ ಕಡೆ ಭತ್ತವನ್ನು ಹೆಚ್ಚಾಗಿ ಕೂರಿಗೆಯಿಂದ ಬಿತ್ತುವ ರೂಢಿ. ಆದ್ದರಿಂದ ಮಳೆಗಾಲದ ನಟ್ಟನಡುವೆ ಕಳೆ ತೆಗೆಯುವ ಕೆಲಸ ರಾಶಿ. ಕಳೆ ತೆಗೆಯುವವಳು ದಿನವಿಡೀ ಬಗ್ಗಿರುತ್ತಾಳೆ. ಅವಳ ಆಕಾಶವಿರುವುದು ಬೆನ್ನಿನ ಮೇಲೆ. ಕೊಪ್ಪೆ ಹಾಕಿಕೊಂಡರೆ ಕೈಯಾಡಿಸಲು ಅಡ್ಡಿ. ಅದಕ್ಕೆ ಗೊರಬು: ಬಿದಿರಿನ ಸೀಳುಗಳ ಎರಡು ಹೆಣಿಗೆಯ ನಡುವೆ ಒಣಗಿದ ಎಲೆಗಳನ್ನು ಹಾಸಿ ಕಟ್ಟಿದ, ದೋಣಿಯನ್ನು ಬೋರಲು ಹಾಕಿದಂಥ ಮರೆ. ತಲೆಯಿಂದ ಸೊಂಟದವರೆಗೆ ಬೆನ್ನ ಮೇಲೆ ಕುಳಿತುಕೊಳ್ಳುತ್ತದೆ, ಕೈಗಳೆರಡೂ ಬಿಡುವು. ಮಲೆನಾಡಿನ ಈ ವಸ್ತು ಶಿರಸಿ, ಸೊರಬಗಳ ಕಡೆಯಿಂದ ಹಾನಗಲ್ಲು, ಹಿರೇಕೆರೂರುಗಳ ಪಡುವಣ ಹಳ್ಳಿಗಳವರೆಗೆ ಬಂದು, ಹೆದ್ದಾರಿಯ ಗೆರೆಯ ಹತ್ತಿರ ಬರುತ್ತ ಬರುತ್ತ ಕಾಣೆಯಾಗುತ್ತದೆ. ಗೊರಬು ನೀರನ್ನು ಪೂರ್ತಿ ತಡೆಯುತ್ತದೆ, ಬೆಚ್ಚಗಂತೂ ಇಡುವುದಿಲ್ಲ. ಅದಕ್ಕಾಗಿಯೇ ಅದರ ಕೆಳಗೆ ಸೀರೆಯ ಸೆರಗಿನ ಮೇಲೊಂದು ಹಳೆಯ ಕಂಬಳಿಯ ತುಂಡನ್ನು ಹೆಗಲಿಗೆ ಕಟ್ಟಿಕೊಳ್ಳುತ್ತಿದ್ದರು. ಹೊರಗೆ ನೀರು ಹೊಗದ ಚಿಪ್ಪು, ಅದಕ್ಕೂ ಮೈಗೂ ನಡುವೆ ಗಾಳಿ, ಆಮೇಲೆ ಉಣ್ಣೆ, ಆಮೇಲೆ ಹತ್ತಿ. ಇಂದು ಹಿಮಾಲಯ ಹತ್ತುವವರಿಗೆ ಕಲಿಸುವ ಪಾಠದಲ್ಲಿ ಇದಕ್ಕಿಂತ ಹೆಚ್ಚಿನದೇನೂ ಇರಲಾರದು.

ಇಷ್ಟು ಹೇಳಿ, ಹಳೆಯದೆಲ್ಲ ಹೊನ್ನು ಎಂಬ ರಾಗ ಎಳೆಯುತ್ತಿದ್ದಾನೆಂದು ತಾವು ತಿಳಿಯಬಾರದು. ಒಣಗಿದಾಗ ಎರಡು ಮೂರು ಕಿಲೋ ತೂಗುವ ಕಂಬಳಿ ನೆನೆದಾಗ ಹೆಗಲನ್ನು ಜಗ್ಗುತ್ತದೆ. ಅದರ ವಾಸನೆಯನ್ನು ನಾನು ವರ್ಣಿಸಲಾರೆ. ಕಂಬಳಿಯಲ್ಲಿ ಕುಳಿತು ಉಣ್ಣುತ್ತ ಕೂದಲು ಬಂತೆನ್ನಬಾರದು ಎಂಬ ಗಾದೆ ಅನುಭವದಿಂದಲೇ ಹುಟ್ಟಿದ್ದು. ಎಲ್ಲಕ್ಕಿಂತ ದೊಡ್ಡ ಮಾತೆಂದರೆ ಎಲ್ಲರ ಬಳಿಯೂ ಕಂಬಳಿ ಇರಲಿಲ್ಲ. ನಮ್ಮ ಅತ್ತೆಯ ಊರಿನಲ್ಲಿ ಕೂಲಿಯವರ ಮನೆಗೊಂದು ಕಂಬಳಿಯಿದ್ದರೆ ಹೆಚ್ಚು. ಅದು ಗಂಡಸಿನ ಹೆಗಲಿನದು. ಹೆಂಗಸಿಗೆ, ಮಕ್ಕಳಿಗೆ ಗೋಣಿತಟ್ಟಿನ ಕೊಪ್ಪೆ. ಗೋಣಿ ನೀರು ಕುಡಿದು ತಣ್ಣಗೆ ಬೆನ್ನಿಗೆ ಹತ್ತಿಕೊಂಡು ಕೂರುತ್ತಿತ್ತು. ಶ್ರಾವಣದ ಹೊತ್ತಿಗೆ ಆ ಕೇರಿಯಲ್ಲಿ ಕೆಮ್ಮದ ಮಕ್ಕಳಿರಲಿಲ್ಲ. ಅಣ್ಣತಮ್ಮಂದಿರು ಬೇರೆಯಾಗುವಾಗ ಒಂದೇ ಕಂಬಳಿಯನ್ನು ನಡುವೆ ಕತ್ತರಿಸಿ ಹಂಚಿಕೊಂಡದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಹಾಗಾದರೆ ಈ ಕಂಬಳಿ ಎಲ್ಲಿಂದ ಬರುತ್ತಿತ್ತು? ಅದು ಹೆಚ್ಚು ಬೇಕಾದದ್ದು ಪಡುವಣದ ಮಳೆಯ ಸೀಮೆಗೆ. ಅದರ ಉಣ್ಣೆ ಬೆಳೆಯುತ್ತಿದ್ದುದು ಮೂಡಣದ ಒಣ ಸೀಮೆಯಲ್ಲಿ. ದಖ್ಖನಿ ಕುರಿಗೆ ಕೆಸರಾಗದು, ಗೊರಸು ಕೊಳೆಯುತ್ತದೆ. ಎಡೆಬಿಡದ ಮಳೆಯಲ್ಲಿ ಅದು ಉಳಿಯುವುದೇ ಕಷ್ಟ. ಆದ್ದರಿಂದ ಮಳೆಗಾಲದಲ್ಲಿ ಕುರಿಗಾರರು ಬಯಲಿನ ಕಡೆಗೇ ಇರುತ್ತಿದ್ದರು. ಸುಗ್ಗಿ ಮುಗಿದು ಗದ್ದೆ ಒಣಗಿದ ಮೇಲೆ ಹಿಂಡು ಹೊಡೆದುಕೊಂಡು ಪಡುವಲಿಗೆ ಬಂದು ಹೊಲಗಳಲ್ಲಿ ಕುರಿ ತರುಬುತ್ತಿದ್ದರು. ಹೊಲಕ್ಕೆ ಗೊಬ್ಬರ, ಕುರಿಗಾರನಿಗೆ ಕಾಳು, ಮಾತಿನ ನಡುವೆ ಕಂಬಳಿಯ ವ್ಯಾಪಾರ. ರಾಣೇಬೆನ್ನೂರು ತಾಲೂಕಿನ ಮೆಡ್ಲೇರಿಯಂಥ ಊರುಗಳು ಕಂಬಳಿಗೆ ಹೆಸರಾದದ್ದು ಹೀಗೆ: ಅವು ಒಣ ಸೀಮೆಯ ಅಂಚಿನಲ್ಲಿ ಕುಳಿತು ತೇವದ ಸೀಮೆಗೆ ಹೊದಿಕೆ ನೇಯ್ದವು. ಮಳೆಯೇ ಬೀಳದ ಕಡೆಯವರು ಮಳೆ ಬೀಳುವ ಕಡೆಯವರ ಬೆನ್ನು ಕಾದರು. ಹೆದ್ದಾರಿಯ ಗೆರೆ ಜಿಲ್ಲೆಯನ್ನು ಎರಡಾಗಿ ಸೀಳಿತೆಂದು ಮೊದಲಿಗೆ ಹೇಳಿದೆನಷ್ಟೆ. ಕಂಬಳಿಯ ದಾರಿ ನೋಡಿದರೆ ಅದು ಸೀಳಿದ ಗೆರೆಗಿಂತ ಹೊಲಿದ ಗೆರೆಯಂತೆ ನನಗೆ ತೋರುತ್ತದೆ.

ಈ ಕಂಬಳಿ ಬರಿಯ ಹೊದಿಕೆಯೂ ಆಗಿರಲಿಲ್ಲ. ಶಿಗ್ಗಾವಿ ತಾಲೂಕಿನ ಬಾಡದಲ್ಲಿ ಹುಟ್ಟಿದ ಕನಕದಾಸರ ಚಿತ್ರವನ್ನು ನೆನೆಯಿರಿ. ಹೆಗಲ ಮೇಲೆ ಕಂಬಳಿಯಿಲ್ಲದ ಕನಕರನ್ನು ನಮ್ಮ ಕಣ್ಣು ಒಪ್ಪುವುದಿಲ್ಲ. ದೇವರಗುಡ್ಡದ, ಮೈಲಾರದ ಗೊರವಯ್ಯಗಳು ಕರಿಯ ಕಂಬಳಿಯ ನಿಲುವಂಗಿಯಲ್ಲಿಯೇ ಕುಣಿಯುವವರು. ಮದುವೆಗೆ, ಪಂಚಾಯಿತಿಗೆ, ದೇವರ ಗದ್ದುಗೆಗೆ ಹಾಸಿದ್ದೂ ಕಂಬಳಿಯೇ. ಅದಕ್ಕೆ ಮೈಲಿಗೆಯಿಲ್ಲವೆಂಬುದು ಹಿರಿಯರ ನಂಬಿಕೆ.

ಎಷ್ಟು ಹಳೆಯದು ಈ ವಿದ್ಯೆ? ಮೈಸೂರಿನ ಪ್ರಾಚ್ಯ ಗ್ರಂಥಾಲಯದಲ್ಲಿ ಆರ್. ಶಾಮಶಾಸ್ತ್ರಿಗಳ ಕೈಗೆ ೧೯೦೫ರಲ್ಲಿ ದೊರೆತು ೧೯೦೯ರಲ್ಲಿ ಅಚ್ಚಾದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ರಾಜನ ಭಂಡಾರಕ್ಕೆ ಸೇರಬೇಕಾದ ವಸ್ತುಗಳ ಅಧ್ಯಾಯವೊಂದಿದೆ. ಮುತ್ತುರತ್ನ, ಗಂಧಚಂದನಗಳ ಜೊತೆಗೆ ಕಂಬಳಿಗಳ ಬಗೆಗಳನ್ನೂ ಅಲ್ಲಿ ಎಣಿಸಿದ್ದಾರೆ. ಎಂಟು ತುಂಡುಗಳನ್ನು ಕೂಡಿಸಿ ಮಾಡಿದ, ಕಪ್ಪು ಬಣ್ಣದ ನೇಪಾಳದ ಕಂಬಳಿಯೊಂದನ್ನು ಹೆಸರಿಸಿ, ಅದನ್ನು ವರ್ಷವಾರಣ, ಅಂದರೆ ಮಳೆಯನ್ನು ತಡೆಯುವಂಥದು ಎಂದು ಗುರುತಿಸಿದ್ದಾರೆ. ವಾಟರ್‌ಪ್ರೂಫ್ ಎಂಬ ಮಾತಿಗೆ ಪರ್ಯಾಯ ಹುಡುಕುವ ನಮ್ಮ ಪಂಡಿತರು ಈ ಪದವನ್ನು ನೋಡಬಹುದಾಗಿತ್ತು! ಹಾನಗಲ್ಲು ಪಾನುಂಗಲ್ಲು ಐನೂರರ ರಾಜಧಾನಿಯಾಗಿ ಕದಂಬರ ಕೈಯಲ್ಲಿದ್ದಾಗ, ಅವರ ಮೇಲಿನ ಚಕ್ರವರ್ತಿಯಾಗಿದ್ದ ಕಲ್ಯಾಣದ ಮೂರನೆಯ ಸೋಮೇಶ್ವರ ಹನ್ನೆರಡನೆಯ ಶತಮಾನದಲ್ಲಿ ಮಾನಸೋಲ್ಲಾಸವನ್ನು ಬರೆದ. ಅದರಲ್ಲಿಯೂ ವಸ್ತ್ರೋಪಭೋಗದ ಪ್ರಕರಣವಿದೆ. ಋತುವಿಗೆ ತಕ್ಕ ಉಡುಗೆಯ ವಿಚಾರವಿದೆ. ಆದರೆ ಅದು ಅರಮನೆಯ ಋತು. ಗದ್ದೆಯ ಋತುವಿನ ಉಡುಗೆಯನ್ನು ಬರೆಯುವವರು ಬೇಕಿತ್ತು.

ಕಾಲದಲ್ಲಿ ಒಮ್ಮೆಲೆ ಮುಂದಕ್ಕೆ ಬರೋಣ. ೧೮೦೦ರ ಮಳೆಗಾಲ. ಶ್ರೀರಂಗಪಟ್ಟಣ ಬಿದ್ದು ಒಂದು ವರ್ಷವಾಗಿದೆ. ಸೆರೆಯಿಂದ ಬಿಡುಗಡೆಯಾದ ಧೋಂಡಿಯಾ ವಾಘ ನಮ್ಮ ಈ ಸೀಮೆಯಲ್ಲಿಯೇ ದಂಡು ಕೂಡಿಸಿಕೊಂಡು ತಿರುಗುತ್ತಿದ್ದಾನೆ. ಅವನನ್ನು ಬೆನ್ನಟ್ಟಿ ಬಂದವನು ಕರ್ನಲ್ ಆರ್ಥರ್ ವೆಲ್ಲೆಸ್ಲಿ, ಮುಂದೆ ವಾಟರ್ಲೂ ಗೆದ್ದು ಹೆಸರಾದವನು. ಜೂನಿನಲ್ಲಿ ತುಂಗಭದ್ರೆ ದಾಟಿ ರಾಣೇಬೆನ್ನೂರು ಹಿಡಿದು, ಜುಲೈಯಲ್ಲಿ ಸವಣೂರಿಗೆ ಬಂದು, ಅಲ್ಲಿಂದ ಕುಂದಗೋಳ, ಡಂಬಳಗಳ ಕಡೆ ಹೋದ. ತುಂಬಿದ ಹೊಳೆ, ಹೂಳುವ ಎರೆಮಣ್ಣು, ಸಾಯುವ ಎತ್ತುಗಳು ಆ ದಂಡಯಾತ್ರೆಯ ನಿತ್ಯದ ಗೋಳು. ಸೆಪ್ಟೆಂಬರ್ ೧೦ರಂದು ಕೋಣಗಲ್ಲಿನಲ್ಲಿ ಧೋಂಡಿಯಾ ಸತ್ತ. ಆ ಮಳೆಯಲ್ಲಿ ಗೋರಾ ಸಿಪಾಯಿಗಳ ಮೈಮೇಲಿದ್ದುದು ಉಣ್ಣೆಯ ಕೆಂಪು ಕೋಟು. ದಂಡಿನ ಹಿಂದೆ ಎತ್ತು ಹೊಡೆದುಕೊಂಡು ನಡೆದವರ ತಲೆಯ ಮೇಲೆ ಇದ್ದದ್ದು, ನನ್ನ ಊಹೆ ತಪ್ಪಿರಲಾರದು, ಕಂಬಳಿಯೇ. ಆ ಮಾತು ಇಂಗ್ಲಿಷರ ಬಾಯಲ್ಲಿ ‘ಕಂಬ್ಲಿ’ಯಾಗಿ ೧೮೮೬ರ ಹಾಬ್ಸನ್-ಜಾಬ್ಸನ್ ನಿಘಂಟಿಗೂ ಸೇರಿತು. ಏಕೆಂದರೆ ಆ ೧೮೦೦ರಲ್ಲಿ ವಿಲಾಯತಿಯಲ್ಲಿಯೂ ಮಳೆಗೆಂದು ರಬ್ಬರಿನ ಕೋಟು ಹುಟ್ಟಿರಲಿಲ್ಲ. ಸ್ಕಾಟ್ಲೆಂಡಿನ ಚಾರ್ಲ್ಸ್ ಮ್ಯಾಕಿಂಟಾಷ್ ಎರಡು ಅರಿವೆಗಳ ನಡುವೆ ಕರಗಿಸಿದ ರಬ್ಬರನ್ನು ಬಳಿದು ಅಂಟಿಸುವ ಹಕ್ಕುಪತ್ರ ಪಡೆದದ್ದು ೧೮೨೩ರಲ್ಲಿ. ಆ ಕೋಟು ಚಳಿಗೆ ಸೆಟೆಯುತ್ತಿತ್ತು, ಬಿಸಿಲಿಗೆ ಅಂಟಾಗುತ್ತಿತ್ತು. ಗುಡ್‌ಇಯರ್ ೧೮೩೯ರಲ್ಲಿ ಗಂಧಕ ಬೆರೆಸಿ ಕಾಯಿಸುವ ರೀತಿಯನ್ನು ಕಂಡುಕೊಂಡ ಮೇಲೆ ಆ ದೋಷಗಳು ಹೋದವು. ಬೆವರಿನ ದೋಷ ಹೋಗಲಿಲ್ಲ. ಅದು ನೂರಮೂವತ್ತೈದು ವರ್ಷ ಬಿಟ್ಟು ಹಾನಗಲ್ಲಿನ ಕೆರೆಯ ಏರಿಯ ಮೇಲೆ ನನ್ನನ್ನು ಹಿಡಿಯಿತು.

ಆ ದ್ವೀಪದವರಿಗೂ ಪದರದ ಮರ್ಮ ಗೊತ್ತಾಗದೆ ಇರಲಿಲ್ಲ. ೧೯೨೪ರಲ್ಲಿ ಎವರೆಸ್ಟಿನ ಮೇಲೆ ಕಣ್ಮರೆಯಾದ ಜಾರ್ಜ್ ಮ್ಯಾಲರಿಯ ದೇಹ ೧೯೯೯ರಲ್ಲಿ ಸಿಕ್ಕಿತು. ಮೈಮೇಲಿನ ಬಟ್ಟೆಯ ಚೂರುಗಳನ್ನು ಪರೀಕ್ಷಿಸಿದರೆ ರೇಷ್ಮೆ, ಹತ್ತಿ, ಉಣ್ಣೆಯ ತೆಳುವಾದ ಹಲವು ಪದರಗಳು, ಎಲ್ಲದರ ಹೊರಗೆ ಗಾಳಿ ಹೊಗದಂತೆ ಒತ್ತಾಗಿ ನೇಯ್ದ ಗ್ಯಾಬರ್ಡೀನು. ಅದರಂತೆಯೇ ಹೊಸದಾಗಿ ನೇಯಿಸಿ, ಹೊಲಿಸಿ, ೨೦೦೬ರಲ್ಲಿ ಎವರೆಸ್ಟಿನ ಇಳಿಜಾರಿನಲ್ಲಿಯೇ ತೊಟ್ಟು ನೋಡಿದವರು ಅದು ಹಗುರ, ಬೆಚ್ಚಗೆ, ಓಡಾಟಕ್ಕೆ ಅನುಕೂಲ ಎಂದು ಒಪ್ಪಿಕೊಂಡರು. ಆವಿಯನ್ನು ಬಿಟ್ಟು ಹನಿಯನ್ನು ತಡೆಯುವ ಸೂಕ್ಷ್ಮ ರಂಧ್ರಗಳ ಗೋರ್‌ಟೆಕ್ಸ್ ಮಾರುಕಟ್ಟೆಗೆ ಬಂದದ್ದು ೧೯೭೬ರಲ್ಲಿ, ಮುದುಕ ನನ್ನನ್ನು ಕೊಪ್ಪೆಯೊಳಗೆ ಕೂಡಿಸಿಕೊಂಡ ಎರಡು ವರ್ಷಕ್ಕೆ.

ನಮ್ಮ ಹಳ್ಳಿಗಳಿಗೆ ಗೋರ್‌ಟೆಕ್ಸ್ ಬರಲಿಲ್ಲ. ಬಂದದ್ದು ರಸಗೊಬ್ಬರದ ಪ್ಲಾಸ್ಟಿಕ್ ಚೀಲ. ಅದನ್ನು ಒಂದು ಬದಿಗೆ ಸೀಳಿ ಮೂಲೆಯನ್ನು ಒಳಕ್ಕೆ ಮಡಚಿದರೆ ಕೊಪ್ಪೆ. ಮಡಿಕೆ ಹಳೆಯದೇ, ಮಾಲು ಹೊಸದು. ಹಗುರ, ಪುಕ್ಕಟೆ, ತೊಳೆದರೆ ಕ್ಷಣದಲ್ಲಿ ಒಣಗುತ್ತದೆ. ಒಂದು ಕಂಬಳಿಗೆ ಕೂಲಿಯವನು ಎಷ್ಟೋ ದಿನ ದುಡಿಯಬೇಕಾಗಿದ್ದಾಗ, ಕಂಬಳಿಯೇ ಕಾಣದ ಹೆಣ್ಣುಮಕ್ಕಳಿಗೆ ಮೊದಲ ಸಲ ಬೆನ್ನು ತೋಯದ ಮಳೆಗಾಲವನ್ನು ಕೊಟ್ಟದ್ದು ಈ ಚೀಲವೇ. ಅದನ್ನು ಹಳಿಯುವ ಹಕ್ಕು ನಮಗಿಲ್ಲ. ಆದರೆ ಕಂಬಳಿ ಒಂದೇ ಏಟಿಗೆ ಚಿಪ್ಪೂ ಆಗಿತ್ತು, ಒಳಪದರವೂ ಆಗಿತ್ತು. ಚೀಲ ಬಂದಾಗ ಚಿಪ್ಪಿನ ಕೆಲಸ ಅದಕ್ಕೆ ಹೋಯಿತು. ಒಳಪದರದ ಕೆಲಸವನ್ನು ಯಾರಿಗೂ ವಹಿಸಿಕೊಡಲಿಲ್ಲ. ಅತ್ತ ಮೂಡಣದಲ್ಲಿ ಅದರ ಪರಿಣಾಮ ಬೇರೆ ರೀತಿಯದು. ಕೊಳ್ಳುವವರಿಲ್ಲದೆ ಉಣ್ಣೆಯ ಬೆಲೆ ಇಳಿಯುತ್ತ ಹೋಗಿ, ಕತ್ತರಿಸುವ ಕೂಲಿಯೂ ಹುಟ್ಟದಂತಾಯಿತು. ಆದರೂ ಕುರಿಯ ಉಣ್ಣೆಯನ್ನು ಕತ್ತರಿಸಲೇಬೇಕು, ಇಲ್ಲವಾದರೆ ಕುರಿಗೆ ರೋಗ. ಹೀಗಾಗಿ ಕುರಿಗಾರ ಕೈಯಿಂದ ಹಣ ತೆತ್ತು ಕತ್ತರಿಸಿ, ಉಣ್ಣೆಯನ್ನು ಅಲ್ಲಿಯೇ ಚೆಲ್ಲಿ ಹೋಗುತ್ತಾನೆ. ಎಷ್ಟೋ ಮಂದಿ ಉಣ್ಣೆಯ ಕುರಿಯನ್ನೇ ಬಿಟ್ಟು ಮಾಂಸಕ್ಕಾಗಿ ಸಾಕುವ, ಮೈತುಂಬ ಬರಿಯ ಕೂದಲಿರುವ ತಳಿಗಳಿಗೆ ಹೊರಳಿದ್ದಾರೆ. ರಸ್ತೆಯ ಬದಿಯ ಜಾಲಿಯ ಮುಳ್ಳಿಗೆ ಕರಿಯ ಉಣ್ಣೆಯ ಮುದ್ದೆಗಳು ಸಿಕ್ಕಿಕೊಂಡಿದ್ದನ್ನು ನೋಡಿದಾಗಲೆಲ್ಲ ನನಗೆ ಗೋಣಿಯ ಕೊಪ್ಪೆಯಲ್ಲಿ ಕೆಮ್ಮುತ್ತಿದ್ದ ಆ ಮಕ್ಕಳ ನೆನಪಾಗುತ್ತದೆ. ಆಗ ಉಣ್ಣೆಗೆ ಬೆಲೆಯಿತ್ತು, ಅದು ಅವರಿಗೆ ಎಟುಕಲಿಲ್ಲ. ಈಗ ಬೆಲೆಯಿಲ್ಲ, ಆದರೂ ಅವರನ್ನು ಮುಟ್ಟುತ್ತಿಲ್ಲ.

ಕಳೆದ ಮಳೆಗಾಲದಲ್ಲಿ ಮತ್ತೆ ಅದೇ ಕೆರೆಯ ಏರಿಯ ಮೇಲೆ ಹಾದುಹೋಗುವ ಸಂದರ್ಭ ಬಂತು. ಗದ್ದೆಯಲ್ಲಿ ಐದಾರು ಹೆಂಗಸರು ಕಳೆ ತೆಗೆಯುತ್ತಿದ್ದರು. ಬೆನ್ನ ಮೇಲೆ ನೀಲಿ, ಹಳದಿ ಪ್ಲಾಸ್ಟಿಕ್ ಹಾಳೆಗಳು. ಬದುವಿನ ಮೇಲೆ ಎಲೆಯಡಿಕೆಗೆಂದು ಬಂದು ಕುಳಿತ ನಡುವಯಸ್ಸಿನವಳೊಬ್ಬಳು ಹಾಳೆಯನ್ನು ಸರಿಸಿದಾಗ ಒಳಗೆ ಕಪ್ಪಗೆ ಏನೋ ಕಂಡಿತು. ಕಂಬಳಿಯ ತುಂಡು, ಎರಡೂ ತುದಿಗೆ ಹಗ್ಗ ಪೋಣಿಸಿ ಹೆಗಲಿಗೆ ಕಟ್ಟಿಕೊಂಡಿದ್ದಳು. ಒಂದು ಬದಿಯ ಅಂಚು ನೇಯ್ಗೆಯದು, ಇನ್ನೊಂದು ಬದಿ ಕತ್ತರಿಸಿದ್ದು.

“ಇದೇನವ್ವಾ, ಕಂಬಳಿ ಅರ್ಧ ಐತಿ?” ಎಂದೆ.

“ನಮ್ಮ ಮಾವನೋರದ್ರೀ ಅದು. ಹಳೇದು” ಎಂದಳು.

“ಇನ್ನರ್ಧ?”

ಅವಳು ಸಾಲಿನ ತುದಿಯಲ್ಲಿ ಹಳದಿ ಹಾಳೆ ಹೊದ್ದು ಬಗ್ಗಿದ್ದ ಇನ್ನೊಬ್ಬಳ ಕಡೆ ಕೈ ತೋರಿಸಿದಳು. “ಅಕೋ, ನಮ್ಮ ನೆಗೆಣ್ಣಿ ಹಾಕ್ಕೊಂಡಾಳಲ್ರೀ, ಆ ಪ್ಲಾಸ್ಟಿಕ್ಕಿನ ಒಳಗ” ಎಂದು ಹೇಳಿ, ಎಲೆಗೆ ಸುಣ್ಣ ಹಚ್ಚತೊಡಗಿದಳು.